ಕಾರಣ ಕೇಳಬಾರದ ಸಾವುಗಳು: ಅಮೆರಿಕದ ಬಂದೂಕು ಮತ್ತು 26 ಲಕ್ಷ ಡಾಲರ್ ಕಥೆ

ಈ ಕಂತಿನಲ್ಲಿ ಅಮೆರಿಕದ ಬಂದೂಕಿನ ಬಗ್ಗೆ ಮಾತಾಡೋಣ. ಆದರೆ ಗುಂಡಿನ ದಾಳಿಯ ಕಥೆ ಹೇಳಲ್ಲ. ಅದನ್ನು ಟಿವಿಯವರು ಆಗಲೇ ಹೇಳಿ ಮುಗಿಸಿರುತ್ತಾರೆ. ಎಲ್ಲಿ ಆಯ್ತು, ಎಷ್ಟು ಜನ ಹೋದರು, ಹಾರಿಸಿದವನು ಯಾರು. ಎರಡು ದಿನ ಮೇಣದಬತ್ತಿ, ಮೂರನೇ ದಿನ ಬೇರೆ ಸುದ್ದಿ. ನಾನು ಹೇಳೋಕೆ ಹೊರಟಿರೋದು ಒಂದು ಬಜೆಟ್ ಮಸೂದೆಯ ಕಥೆ. ನಾನು ಓದಿದ್ದು ಬಿ.ಕಾಂ. ಯಾವುದೇ ದೊಡ್ಡ ಜಗಳ ನೋಡಿದರೂ ನನ್ನ ಕಣ್ಣು ಮೊದಲು ಹೋಗೋದು ದುಡ್ಡು ಯಾವ ಖಾತೆಯಿಂದ ಯಾವ ಖಾತೆಗೆ ಹೋಯ್ತು ಅನ್ನೋದರ ಕಡೆಗೆ.

ಈ ಕಥೆಯಲ್ಲಿ ಹೋದ ದುಡ್ಡು 26 ಲಕ್ಷ ಡಾಲರ್. ಅಮೆರಿಕದ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. 1996ರಲ್ಲಿ ಆ ಚಿಲ್ಲರೆ ಕಾಸನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಟ್ಟರು, ಜೊತೆಗೆ ಒಂದು ವಾಕ್ಯ ಸೇರಿಸಿದರು. ಆಮೇಲೆ 20 ವರ್ಷಕ್ಕೂ ಹೆಚ್ಚು ಕಾಲ, ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಜನರನ್ನು ಕೊಲ್ಲುವ ಒಂದು ವಸ್ತುವಿನ ಬಗ್ಗೆ ಆ ದೇಶದ ಪ್ರಮುಖ ಸಾರ್ವಜನಿಕ ಆರೋಗ್ಯ ಸಂಸ್ಥೆ ಹೆಚ್ಚುಕಡಿಮೆ ಬಾಯಿ ಮುಚ್ಚಿಕೊಂಡಿತು.

ಮೊದಲು ಸ್ವಲ್ಪ ಹಿಂದಿನ ಕಥೆ ಬೇಕು. ಬಂದೂಕಿಗೂ ಆರೋಗ್ಯ ಇಲಾಖೆಗೂ ಏನು ಸಂಬಂಧ ಅನ್ನೋ ಪ್ರಶ್ನೆ ಸಹಜ. ಗುಂಡು ಹಾರಿಸೋದು ಪೊಲೀಸರ ವಿಷಯ ಅಲ್ವಾ? 1950ರ ದಶಕದವರೆಗೂ ರಸ್ತೆ ಅಪಘಾತದ ಬಗ್ಗೆಯೂ ಹೀಗೇ ಮಾತಾಡ್ತಿದ್ದರು. ಅಪಘಾತ ಆಯ್ತು ಅಂದರೆ ಡ್ರೈವರ್‌ದು ತಪ್ಪು, ಅಥವಾ ಹಣೆಬರಹ. ವಿಲಿಯಂ ಹ್ಯಾಡನ್ ಅಂತ ಒಬ್ಬ ವೈದ್ಯ ಇದನ್ನು ಒಪ್ಪಲಿಲ್ಲ. ಮಲೇರಿಯಾ ಬಂದರೆ ರೋಗಿಯನ್ನು ಬೈಯುತ್ತಾ ಕೂರಲ್ಲ, ಸೊಳ್ಳೆ, ನಿಂತ ನೀರು, ಮನೆಯ ಕಿಟಕಿ ಎಲ್ಲವನ್ನೂ ನೋಡ್ತೀವಿ. ಹಾಗೇ ಅಪಘಾತದಲ್ಲೂ ಮನುಷ್ಯ, ವಾಹನ, ರಸ್ತೆ ಮೂರನ್ನೂ ಬೇರೆ ಬೇರೆ ಇಟ್ಟು ನೋಡಬೇಕು; ಡಿಕ್ಕಿಯ ಮುಂಚೆ, ಡಿಕ್ಕಿಯ ಹೊತ್ತಲ್ಲಿ, ಡಿಕ್ಕಿಯ ನಂತರ ಏನಾಯ್ತು ಅಂತ ವಿಂಗಡಿಸಬೇಕು ಅಂದ ಆತ. 1966ರಲ್ಲಿ ಅಮೆರಿಕ ರಸ್ತೆ ಸುರಕ್ಷತೆಗೆ ಹೊಸ ಕಾನೂನು ತಂದಾಗ ಅದರ ಸಂಸ್ಥೆಗೆ ಈ ಹ್ಯಾಡನ್‌ನನ್ನೇ ಮೊದಲ ಮುಖ್ಯಸ್ಥನನ್ನಾಗಿ ಮಾಡಿದರು. ಸೀಟ್ ಬೆಲ್ಟ್, ಒಳಗೆ ಕುಸಿಯುವ ಸ್ಟೀರಿಂಗ್, ಏರ್‌ಬ್ಯಾಗ್, ರಸ್ತೆ ನಡುವಿನ ತಡೆಗೋಡೆ ಒಂದೊಂದಾಗಿ ಬಂದವು. 1960ರ ದಶಕದ ನಡುವಲ್ಲಿ ಹತ್ತು ಕೋಟಿ ಮೈಲಿ ಓಡಾಟಕ್ಕೆ ಸುಮಾರು 5.5 ಜನ ಸಾಯುತ್ತಿದ್ದರು. 50 ವರ್ಷದಲ್ಲಿ ಅದು ಒಂದು ಚಿಲ್ಲರೆಗೆ ಇಳಿಯಿತು. ಒಂದು ಕಾರನ್ನೂ ಯಾರೂ ನಿಷೇಧ ಮಾಡಲಿಲ್ಲ. ಈ ಮಾತನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

1980ರ ದಶಕದಲ್ಲಿ ಇದೇ ಬಗೆಯ ಯೋಚನೆಯನ್ನು ಎಲ್ಲಾ ಗಾಯಗಳಿಗೂ ಹಚ್ಚೋಣ ಅಂತ ಅಮೆರಿಕದ ವೈದ್ಯರು ಹೊರಟರು. ಸುಟ್ಟ ಗಾಯ, ಬಿದ್ದ ಗಾಯ, ಮುಳುಗಿ ಸಾಯೋದು, ಗುಂಡೇಟು. ರೋಗ ನಿಯಂತ್ರಣ ಕೇಂದ್ರ, ಅಂದರೆ ಕೋವಿಡ್ ಕಾಲದಲ್ಲಿ ನಾವೆಲ್ಲ ಹೆಸರು ಕೇಳಿದ ಸಿಡಿಸಿ, 1992ರಲ್ಲಿ ಇದಕ್ಕೇ ಒಂದು ಪ್ರತ್ಯೇಕ ಗಾಯ ತಡೆ ಕೇಂದ್ರ ತೆರೆಯಿತು. ಅದರ ಮೊದಲ ನಿರ್ದೇಶಕರಾಗಿ ಬಂದವರು ಮಾರ್ಕ್ ರೋಸನ್‌ಬರ್ಗ್ ಎಂಬ ವೈದ್ಯರು. ಈ ಹೆಸರೂ ನೆನಪಿರಲಿ.

ಈಗ ಆರ್ಥರ್ ಕೆಲ್ಲರ್‌ಮನ್ ಕಡೆಗೆ ಬರೋಣ. ಇವರು ತುರ್ತು ಚಿಕಿತ್ಸಾ ವಿಭಾಗದ ವೈದ್ಯರು. ಅಮೆರಿಕದಲ್ಲಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವ ಬಹಳಷ್ಟು ಜನ ಹೇಳೋ ಕಾರಣ ಒಂದೇ, ರಕ್ಷಣೆ. ಕಳ್ಳ ಬಂದರೆ ಬೇಕಾಗುತ್ತೆ. ಕೆಲ್ಲರ್‌ಮನ್ ಕೇಳಿದ್ದು ಅತ್ಯಂತ ಸರಳ ಪ್ರಶ್ನೆ: ಹಾಗಾದರೆ ಆ ಬಂದೂಕು ನಿಜವಾಗಿ ಯಾರನ್ನು ಕೊಲ್ಲುತ್ತಿದೆ? ಸಿಯಾಟಲ್ ನಗರ ಇರುವ ಕಿಂಗ್ ಕೌಂಟಿಯಲ್ಲಿ 1978ರಿಂದ 1983ರವರೆಗಿನ ಆರು ವರ್ಷದ ದಾಖಲೆ ತೆಗೆದು ಕೂತರು. ಒಟ್ಟು 743 ಜನ ಗುಂಡಿನಿಂದ ಸತ್ತಿದ್ದರು. ಅವರಲ್ಲಿ 398 ಜನ ಸತ್ತಿದ್ದು ಬಂದೂಕು ಇಟ್ಟಿದ್ದ ಮನೆಯೊಳಗೇ, ಆ ಮನೆಯ ಬಂದೂಕಿನಿಂದಲೇ. ಆತ್ಮರಕ್ಷಣೆಗಾಗಿ ಕೊಂದದ್ದು ಅಂತ ದಾಖಲಾದ ಪ್ರಕರಣ ಅದರಲ್ಲಿ 9. ಆತ್ಮಹತ್ಯೆ 333. ಉಳಿದವು ಕೊಲೆ ಮತ್ತು ಆಕಸ್ಮಿಕ. 1986ರಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯ್ತು. ರಕ್ಷಣೆಗಾಗಿ ಕೊಂದ ಒಂದು ಪ್ರಕರಣಕ್ಕೆ ಎದುರಾಗಿ 43 ಬೇರೆ ಸಾವು ಅನ್ನೋ ಲೆಕ್ಕ ಹೊರಬಂತು.

ಈ ಲೆಕ್ಕವನ್ನು ಟೀಕಿಸಬಹುದು, ಟೀಕಿಸಿದರು ಕೂಡ. ಬಂದೂಕು ತೋರಿಸಿ ಕಳ್ಳನನ್ನು ಓಡಿಸಿದವರು ಈ ಪಟ್ಟಿಯಲ್ಲಿ ಬರಲ್ಲ, ಯಾಕೆಂದರೆ ಅಲ್ಲಿ ಹೆಣ ಬೀಳಲಿಲ್ಲ. ನ್ಯಾಯವಾದ ಆಕ್ಷೇಪ. ಕೆಲ್ಲರ್‌ಮನ್ ಮುಂದಿನ ಅಧ್ಯಯನವನ್ನು ಇನ್ನೂ ಬಿಗಿಯಾಗಿ ಮಾಡಿದರು, ಅದಕ್ಕೆ ದುಡ್ಡು ಕೊಟ್ಟಿದ್ದು ಸಿಡಿಸಿ. ಮೂರು ಕೌಂಟಿಗಳಲ್ಲಿ ಮನೆಯೊಳಗೆ ಕೊಲೆಯಾದವರ ಪಟ್ಟಿ ಮಾಡಿದರು. ಪ್ರತಿಯೊಬ್ಬರಿಗೂ ಅದೇ ಬಡಾವಣೆಯಲ್ಲಿ, ಸುಮಾರು ಅದೇ ವಯಸ್ಸಿನ, ಅದೇ ಲಿಂಗದ, ಅದೇ ಜನಾಂಗದ ಇನ್ನೊಬ್ಬರನ್ನು ಹುಡುಕಿ ಜೋಡಿ ಮಾಡಿದರು. ಇಬ್ಬರ ಮನೆಯಲ್ಲೂ ಒಂದೇ ಪ್ರಶ್ನೆಗಳು: ಬಂದೂಕು ಇತ್ತಾ, ಕುಡಿತ ಇತ್ತಾ, ಡ್ರಗ್ಸ್ ಇತ್ತಾ, ಮನೆಯಲ್ಲಿ ಹೊಡೆದಾಟ ಇತ್ತಾ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ಹುಡುಕಿದ್ದು ಇದೇ ರೀತಿಯ ಹೋಲಿಕೆಯಿಂದ. 1993ರ ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ಕುಡಿತ, ಹೊಡೆದಾಟ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ಬಂದೂಕು ಇದ್ದ ಮನೆಯಲ್ಲಿ ಕೊಲೆಯಾಗುವ ಅಪಾಯ 2.7 ಪಟ್ಟು ಹೆಚ್ಚು. ಸತ್ತವರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜನರನ್ನು ಕೊಂದವರು ಗಂಡ, ಹೆಂಡತಿ, ನೆಂಟರು, ಇಲ್ಲ ಪರಿಚಯದವರು.

ಇದಕ್ಕೂ ಟೀಕೆ ಬಂತು. ಅಪಾಯದಲ್ಲಿರುವವರೇ ಬಂದೂಕು ಕೊಳ್ಳುತ್ತಾರೆ, ಬಂದೂಕಿನಿಂದ ಅಪಾಯ ಬಂದಿದ್ದಲ್ಲ ಅಂದರು. ಛತ್ರಿ ಹಿಡಿದವರೇ ಜಾಸ್ತಿ ನೆನೆದಿರ್ತಾರೆ, ಹಾಗಂತ ಛತ್ರಿ ಮಳೆ ತಂತಾ ಅನ್ನೋ ಥರದ ವಾದ. ವಿಜ್ಞಾನದಲ್ಲಿ ಇಂಥ ವಾದಕ್ಕೆ ಉತ್ತರ ಏನು? ಇನ್ನೊಂದು ಅಧ್ಯಯನ, ಇನ್ನೂ ದೊಡ್ಡದು, ಇನ್ನೂ ಚೆನ್ನಾಗಿ ಮಾಡಿದ್ದು. ಅಮೆರಿಕದಲ್ಲಿ ಆಗಿದ್ದು ಅದಲ್ಲ.

ಬಂದೂಕು ಮಾಲೀಕರ ದೊಡ್ಡ ಸಂಘಟನೆ ನ್ಯಾಷನಲ್ ರೈಫಲ್ ಅಸೋಸಿಯೇಷನ್, ಎನ್‌ಆರ್‌ಎ, ಈ ಸಂಶೋಧನೆಯ ಹಿಂದೆ ಬಂದೂಕು ಕಸಿಯುವ ಹುನ್ನಾರ ಇದೆ ಅಂತ ಹೇಳತೊಡಗಿತು. ರೋಸನ್‌ಬರ್ಗ್ ಪತ್ರಿಕೆಯೊಂದರಲ್ಲಿ ಬಂದೂಕನ್ನು ಸಿಗರೇಟಿಗೆ ಹೋಲಿಸಿ ಮಾತಾಡಿದ್ದು ಅವರಿಗೆ ಒಳ್ಳೇ ಅಸ್ತ್ರವಾಯ್ತು. ಸಂಶೋಧಕ ಅಷ್ಟು ಹೇಳಬಾರದಿತ್ತು ಅಂತ ನನಗೂ ಅನ್ಸುತ್ತೆ. ಎನ್‌ಆರ್‌ಎ ಮೊದಲು ಬೇಡಿಕೆ ಇಟ್ಟಿದ್ದು ಗಾಯ ತಡೆ ಕೇಂದ್ರವನ್ನೇ ಪೂರ್ತಿ ಮುಚ್ಚಿ ಅಂತ. ಅದು ಆಗಲಿಲ್ಲ. ಆಗ ಮುಂದೆ ಬಂದವರು ಅರ್ಕನ್ಸಾಸ್ ರಾಜ್ಯದ ರಿಪಬ್ಲಿಕನ್ ಸಂಸದ ಜೇ ಡಿಕಿ.

1996ರ ಖರ್ಚಿನ ಮಸೂದೆಗೆ ಡಿಕಿ ಒಂದು ತಿದ್ದುಪಡಿ ತಂದರು. ಎರಡು ಕೆಲಸ ಅದರಲ್ಲಿ. ಒಂದು, ಹಿಂದಿನ ವರ್ಷ ಸಿಡಿಸಿ ಬಂದೂಕಿನ ಗಾಯದ ಸಂಶೋಧನೆಗೆ ಖರ್ಚು ಮಾಡಿದ್ದು ಎಷ್ಟೋ ಅಷ್ಟನ್ನೇ, ಸರಿಯಾಗಿ 26 ಲಕ್ಷ ಡಾಲರ್, ಬಜೆಟ್ಟಿನಿಂದ ಕತ್ತರಿಸಿದ್ದು. ಸೆನೆಟ್ಟಿನಲ್ಲಿ ಆ ಹಣವನ್ನು ವಾಪಸ್ ಕೊಟ್ಟರು, ಆದರೆ ಮಿದುಳಿನ ಗಾಯದ ಕೆಲಸಕ್ಕೆ ಮಾತ್ರ ಅಂತ ಗುರುತು ಹಾಕಿ ಕೊಟ್ಟರು. ಮೊತ್ತ ಅಷ್ಟೇ, ಖಾತೆ ಬೇರೆ. ಲೆಕ್ಕಪತ್ರ ನೋಡಿದವರಿಗೆ ಈ ಸಂದೇಶ ಅರ್ಥವಾಗೋಕೆ ವಿವರಣೆ ಬೇಡ. ಎರಡನೆಯದು ಆ ವಾಕ್ಯ. ಗಾಯ ತಡೆಯ ಹಣದಲ್ಲಿ ಬಂದೂಕು ನಿಯಂತ್ರಣದ ಪರ ವಕಾಲತ್ತು ಮಾಡುವಂತಿಲ್ಲ, ಅದನ್ನು ಉತ್ತೇಜಿಸುವಂತಿಲ್ಲ ಅನ್ನೋದು ಅದರ ಸಾರ.

ಸಂಶೋಧನೆ ಮಾಡಬೇಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಇದು ಬಹಳ ಮುಖ್ಯ. ಆದರೆ ವಕಾಲತ್ತು ಅಂದರೆ ಏನು ಅಂತಲೂ ಎಲ್ಲೂ ಬರೆದಿಲ್ಲ. ಒಂದು ಆಫೀಸು ಅಂತ ಅಂದುಕೊಳ್ಳಿ. ಹೋದ ವರ್ಷ ನಿಮ್ಮ ವಿಭಾಗ ಖರ್ಚು ಮಾಡಿದ ಮೊತ್ತವನ್ನು ಮೇಲಿನವರು ಪೈಸೆ ಪೈಸೆ ಲೆಕ್ಕ ಹಾಕಿ ಕಿತ್ತುಕೊಂಡಿದ್ದಾರೆ. ಜೊತೆಗೆ, 'ಅನುಚಿತ ಖರ್ಚು ಮಾಡುವಂತಿಲ್ಲ' ಅಂತ ಒಂದು ಸುತ್ತೋಲೆ. ಅನುಚಿತ ಅಂದರೆ ಯಾವುದು ಅಂತ ಹೇಳಿಲ್ಲ. ಮುಂದಿನ ವರ್ಷ ಆ ಬಾಬ್ತಿಗೆ ಸಂಬಂಧಪಟ್ಟ ಒಂದೇ ಒಂದು ವೋಚರಿಗೆ ಸಹಿ ಹಾಕೋ ಧೈರ್ಯ ಯಾವ ಮ್ಯಾನೇಜರಿಗೆ ಇರುತ್ತೆ? ಬಂದೂಕು ಇರುವ ಮನೆಯಲ್ಲಿ ಅಪಾಯ ಹೆಚ್ಚು ಅನ್ನೋ ಫಲಿತಾಂಶ ಬಂದರೆ, ಅದು ವಿಜ್ಞಾನವೋ ವಕಾಲತ್ತೋ? ಯಾರು ತೀರ್ಮಾನ ಮಾಡೋರು? ಮುಂದಿನ ಬಜೆಟ್ ಬರೆಯುವ ಅದೇ ಸಂಸದರು.

ಭಯ ಎಷ್ಟರಮಟ್ಟಿಗೆ ಹೋಯ್ತು ಅಂದರೆ, ತನ್ನ ಹಣ ಪಡೆದ ಸಂಶೋಧಕರು ಬಂದೂಕಿಗೆ ಸಂಬಂಧಿಸಿದ ಏನನ್ನಾದರೂ ಪ್ರಕಟಿಸುವ ಮುಂಚೆ ತನಗೆ ತಿಳಿಸಬೇಕು ಅಂತ ಸಿಡಿಸಿ ಕೇಳ್ತಿತ್ತು. ತಿಳಿದ ಮೇಲೆ ಅದನ್ನು ಸೌಜನ್ಯಕ್ಕೆ ಅಂತ ಎನ್‌ಆರ್‌ಎಗೆ ಮುಟ್ಟಿಸುತ್ತಿತ್ತು. 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ವರದಿ ಮಾಡಿತು. ಅದರ ಬೆನ್ನಲ್ಲೇ ಇದೇ ಬಗೆಯ ನಿರ್ಬಂಧವನ್ನು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೂ, ಅಂದರೆ ಎನ್‌ಐಎಚ್‌ಗೂ ಹಚ್ಚಿದರು.

ಸಂಶೋಧಕರು ಏನು ಮಾಡಿದರು? ಬಹಳ ಜನ ವಿಷಯ ಬದಲಾಯಿಸಿದರು. ಅನುದಾನ ಸಿಗದ ವಿಷಯದಲ್ಲಿ ಪಿಎಚ್‌ಡಿ ಮಾಡೋಕೆ ಯಾರು ಬರ್ತಾರೆ ಹೇಳಿ. ಉಳಿದುಕೊಂಡವರು ಕೆಲವರೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಗ್ಯಾರೆನ್ ವಿಂಟ್‌ಮ್ಯೂಟ್ ಎಂಬ ತುರ್ತು ಚಿಕಿತ್ಸಾ ವೈದ್ಯರು ಕೆಲಸ ನಿಲ್ಲಬಾರದು ಅಂತ ತಮ್ಮ ಕೈಯಿಂದಲೇ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಹಾಕಿದರು. 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬಂತು, ನನ್ನಂಥವರಿಗೆ ಅದು ಹಬ್ಬ. ಯಾವ ಯಾವ ಕಾರಣದಿಂದ ಎಷ್ಟು ಜನ ಸಾಯ್ತಾರೆ, ಅದಕ್ಕೆ ಸಂಶೋಧನೆಗೆ ಎಷ್ಟು ದುಡ್ಡು ಸಿಗ್ತದೆ ಅಂತ ಎದುರುಬದುರು ಇಟ್ಟು ನೋಡಿದ್ದರು. ಸಾವಿನ ಸಂಖ್ಯೆಗೆ ತಕ್ಕ ಹಾಗೆ ಸಿಗಬೇಕಾದ ಹಣದಲ್ಲಿ ಬಂದೂಕು ಹಿಂಸೆಯ ಸಂಶೋಧನೆಗೆ ಸಿಕ್ಕಿದ್ದು 1.6 ಶೇಕಡಾ. ರಕ್ತಕ್ಕೆ ಸೋಂಕು ಹರಡಿ ಬರುವ ಸೆಪ್ಸಿಸ್ ಕೂಡ ಸುಮಾರು ಅಷ್ಟೇ ಜನರನ್ನು ಕೊಲ್ಲುತ್ತೆ. ಸೆಪ್ಸಿಸ್‌ಗೆ ನೂರು ರೂಪಾಯಿ ಕೊಟ್ಟರೆ ಬಂದೂಕಿಗೆ ಎಪ್ಪತ್ತು ಪೈಸೆ.

ಈಗ ಸಾವುಗಳ ಕಡೆಗೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಜನ. ನಮ್ಮ ತಲೆಯಲ್ಲಿರುವ ಚಿತ್ರ ಏನು? ಶಾಲೆ, ಮಾಲ್, ಕೈಯಲ್ಲಿ ದೊಡ್ಡ ರೈಫಲ್ ಹಿಡಿದವನು. ಆ ಸಾವುಗಳು ಒಟ್ಟು ಲೆಕ್ಕದಲ್ಲಿ ಬಹಳ ಸಣ್ಣ ಪಾಲು. 48,830ರಲ್ಲಿ 26,328 ಆತ್ಮಹತ್ಯೆ. ಅರ್ಧಕ್ಕಿಂತ ಹೆಚ್ಚು. ಕೊಲೆ 20,958. ಕೊಲೆಯಾಗುವವರಲ್ಲಿ ಕಪ್ಪು ಜನಾಂಗದ ಯುವಕರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ತುಂಬಾ ಹೆಚ್ಚು. ಆತ್ಮಹತ್ಯೆಯಲ್ಲಿ ಹೆಚ್ಚು ಕಾಣೋದು ಬಿಳಿಯ ಗಂಡಸರು, ಅದರಲ್ಲೂ ವಯಸ್ಸಾದವರು, ಹಳ್ಳಿ ಕಡೆಯವರು. ಒಂದೇ ವಸ್ತು, ಎರಡು ಬೇರೆ ಬೇರೆ ರೋಗ ಅಂತ ಬೇಕಾದರೆ ಹೇಳಬಹುದು. ಎರಡಕ್ಕೂ ಒಂದೇ ಮದ್ದು ಕೆಲಸ ಮಾಡಲ್ಲ, ಯಾವುದಕ್ಕೆ ಯಾವುದು ಅಂತ ತಿಳಿಯೋಕೇ ಸಂಶೋಧನೆ ಬೇಕಿದ್ದದ್ದು.

ಆತ್ಮಹತ್ಯೆ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಕೇಳ್ತಾ ಇರುವ ಯಾರಿಗಾದರೂ ಈ ಮಾತು ಭಾರ ಅನ್ಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಸಾಯಬೇಕು ಅಂತ ತೀರ್ಮಾನ ಮಾಡಿದವರು ಹೇಗಾದರೂ ಸಾಯ್ತಾರೆ, ಬಂದೂಕು ಇಲ್ಲದಿದ್ದರೆ ಇನ್ನೊಂದು ದಾರಿ ಅಂತ ಜನ ಹೇಳ್ತಾರೆ. ನಮ್ಮಲ್ಲೂ ಹೇಳ್ತಾರೆ. ಇದು ಸುಳ್ಳು ಅಂತ ತೋರಿಸಿದ ಅಧ್ಯಯನಗಳಿವೆ. ಹ್ಯೂಸ್ಟನ್‌ನಲ್ಲಿ ಸಾವಿನ ಅಂಚಿಗೆ ಹೋಗಿ ಬದುಕಿ ಬಂದ ಯುವಕ ಯುವತಿಯರನ್ನು ಕೇಳಿದಾಗ, ನಾಲ್ವರಲ್ಲಿ ಸುಮಾರು ಒಬ್ಬರು ಹೇಳಿದ್ದು, ನಿರ್ಧಾರಕ್ಕೂ ಪ್ರಯತ್ನಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ ಅಂತ. ಬದುಕುಳಿದ ಹತ್ತರಲ್ಲಿ ಒಂಬತ್ತು ಜನ ಆಮೇಲೆ ಆತ್ಮಹತ್ಯೆಯಿಂದ ಸಾಯಲ್ಲ. ಆದರೆ ಕೈಗೆ ಬಂದೂಕು ಸಿಕ್ಕ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಆ 'ಆಮೇಲೆ' ಅನ್ನೋದೇ ಇಲ್ಲ. ಹಾಗಾಗಿ ಆ ಐದು ನಿಮಿಷದಲ್ಲಿ ಕೈಗೆ ಏನು ಸಿಗುತ್ತೆ ಅನ್ನೋದು ಜೀವ ಮರಣದ ಪ್ರಶ್ನೆ.

ನಮಗೆ ಇದು ಅರ್ಥವಾಗಬೇಕಾದರೆ ಕ್ರಿಮಿನಾಶಕವನ್ನು ನೆನೆಸಿಕೊಳ್ಳಿ. ಶ್ರೀಲಂಕಾದಲ್ಲಿ 1980, 90ರ ದಶಕಗಳಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1998ರಲ್ಲಿ ಎಂಡೋಸಲ್ಫಾನ್ ಕೂಡ ಹೋಯ್ತು. ದಕ್ಷಿಣ ಕನ್ನಡದವರಿಗೆ ಆ ಹೆಸರು ಬೇರೆ ಕಾರಣಕ್ಕೆ ಚೆನ್ನಾಗಿ ಗೊತ್ತು. ಅಲ್ಲಿ ಸಾಲ ಹೋಗಲಿಲ್ಲ, ಬೇಸರ ಹೋಗಲಿಲ್ಲ, ಯುದ್ಧ ಬೇರೆ ನಡೀತಿತ್ತು. ಆದರೂ 1990ರ ದಶಕದ ಮಧ್ಯದಲ್ಲಿದ್ದ ಆತ್ಮಹತ್ಯೆ ಪ್ರಮಾಣ ಮುಂದಿನ ಎರಡು ದಶಕದಲ್ಲಿ ಸುಮಾರು 70 ಶೇಕಡಾ ಇಳಿಯಿತು. ಇಸ್ರೇಲ್ ಸೇನೆ 2006ರಲ್ಲಿ ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಅಂತ ನಿಯಮ ಮಾಡಿತು. ಸೈನಿಕರ ಆತ್ಮಹತ್ಯೆ ಸುಮಾರು 40 ಶೇಕಡಾ ಕಡಿಮೆಯಾಯ್ತು. ಅವರ ಕೈಯಿಂದ ಶಾಶ್ವತವಾಗಿ ಏನನ್ನೂ ಕಸಿಯಲಿಲ್ಲ, ವಾರಾಂತ್ಯ ಮುಗಿದ ಮೇಲೆ ವಾಪಸ್ ಕೊಡ್ತಿದ್ದರು.

ಅಮೆರಿಕದೊಳಗೇ ಒಂದು ಉದಾಹರಣೆ ಇದೆ, ನನಗೆ ಬಹಳ ಇಷ್ಟವಾದದ್ದು. ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 2009ರಲ್ಲಿ ಒಂದು ವಾರದೊಳಗೆ, ಪರಸ್ಪರ ಸಂಬಂಧವೇ ಇಲ್ಲದ ಮೂವರು, ಒಂದೇ ಅಂಗಡಿಯಿಂದ ಬಂದೂಕು ಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣ ಕಳೆದುಕೊಂಡರು. ವಿಷಯ ತಿಳಿದ ಅಂಗಡಿ ಮಾಲೀಕ ನಡುಗಿಹೋದ. ಸಾರ್ವಜನಿಕ ಆರೋಗ್ಯದವರ ಜೊತೆ ಕೂತು, ಗಿರಾಕಿಯ ಮುಖದಲ್ಲಿ ಏನು ಗಮನಿಸಬೇಕು, ಯಾವಾಗ 'ಇವತ್ತು ಕೊಡಲ್ಲ' ಅನ್ನಬೇಕು, ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ ಬಂದೂಕನ್ನು ಕೆಲ ದಿನ ಎಲ್ಲಿಡಬೇಕು ಅಂತ ಪೋಸ್ಟರು, ಕರಪತ್ರ ಮಾಡಿದರು. ರಾಜ್ಯದ ಬಂದೂಕು ಅಂಗಡಿಗಳಲ್ಲಿ ಸುಮಾರು ಅರ್ಧದಷ್ಟು ಅವನ್ನು ಇಟ್ಟುಕೊಂಡವು. ಬಂದೂಕು ಮಾರಿ ಹೊಟ್ಟೆ ಹೊರೆಯುವವರೇ ಸೇರಿ ಮಾಡಿದ ಈ ಕೆಲಸವನ್ನು ಯಾವ ಸಂಸದ ಬಂದೂಕು ವಿರೋಧಿ ಅಂತ ಕರೆಯೋಕೆ ಸಾಧ್ಯ?

ಡಿಕಿ ಕಥೆ ಅರ್ಧಕ್ಕೆ ಬಿಟ್ಟಿದ್ದೆ. 1996ರಲ್ಲಿ ಡಿಕಿ, ರೋಸನ್‌ಬರ್ಗ್ ಎದುರಾಳಿಗಳು. ಒಬ್ಬರು ಬಜೆಟ್ ಕತ್ತರಿಸಿದವರು, ಇನ್ನೊಬ್ಬರದ್ದು ಕತ್ತರಿಸಿಹೋದ ಬಜೆಟ್. ಆದರೆ ಒಮ್ಮೆ ರೋಸನ್‌ಬರ್ಗ್ ಡಿಕಿಯ ಕಚೇರಿಗೆ ಹೋದಾಗ ಮಾತು ಮಕ್ಕಳ ಕಡೆಗೆ ತಿರುಗಿ, ಅಲ್ಲಿಂದ ಸ್ನೇಹ ಶುರುವಾಯ್ತು ಅಂತ ರೋಸನ್‌ಬರ್ಗ್ ಮುಂದೆ ಹಲವು ಸಲ ಹೇಳಿದ್ದಾರೆ. 2012ರ ಜುಲೈನಲ್ಲಿ ಕೊಲರಾಡೊದ ಅರೋರದಲ್ಲಿ ಸಿನಿಮಾ ಥಿಯೇಟರಿನೊಳಗೆ ಗುಂಡಿನ ದಾಳಿ ನಡೆಯಿತು. ವಾರ ಕಳೆಯುವಷ್ಟರಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಒಂದು ಲೇಖನ ಬಂತು. ಬರೆದವರು ಜೇ ಡಿಕಿ ಮತ್ತು ಮಾರ್ಕ್ ರೋಸನ್‌ಬರ್ಗ್, ಒಟ್ಟಿಗೆ. ತಾನು ಸಂಸತ್ತಿನಲ್ಲಿ ಎನ್‌ಆರ್‌ಎ ಪರವಾಗಿ ನಿಂತವನು ಅಂತ ಡಿಕಿ ಅದರಲ್ಲಿ ಒಪ್ಪಿಕೊಂಡರು. ಬಂದೂಕಿನ ಗಾಯದ ಸಂಶೋಧನೆ ನಡೆಯಬೇಕು, ಬಂದೂಕು ಹೊಂದುವ ಹಕ್ಕನ್ನು ಉಳಿಸಿಕೊಂಡೇ ನಡೆಸಬಹುದು ಅಂದರು. ರಸ್ತೆ ಸುರಕ್ಷತೆಯ ಸಂಶೋಧನೆಗೆ ವರ್ಷಕ್ಕೆ ಸುಮಾರು 24 ಕೋಟಿ ಡಾಲರ್ ಹೋಗುತ್ತಿದೆ, ಬಂದೂಕಿಗೆ ಹೆಚ್ಚುಕಡಿಮೆ ಏನೂ ಇಲ್ಲ ಅಂತ ಇಬ್ಬರೂ ಲೆಕ್ಕ ತೋರಿಸಿದರು. ಹ್ಯಾಡನ್ ಕಥೆ ನೆನಪಿಡಿ ಅಂದಿದ್ದು ಇದಕ್ಕೇ. ಡಿಕಿ 2017ರಲ್ಲಿ ತೀರಿಕೊಂಡರು. ಅವರ ಹೆಸರಿನ ಆ ವಾಕ್ಯ ಅವರಿಗಿಂತ ಹೆಚ್ಚು ಬಾಳಿತು, ವರ್ಷವರ್ಷವೂ ಬಜೆಟ್ಟಿನಲ್ಲಿ ಮರಳಿ ಬರುತ್ತಲೇ ಇತ್ತು.

ಅದೇ 2012ರಲ್ಲಿ, ಅಕ್ಟೋಬರಿನಲ್ಲಿ, ಬಾಸ್ಟನ್‌ನ ಒಬ್ಬ ಯುವ ವೈದ್ಯ ಒಂದು ಟ್ವೀಟ್ ಮಾಡಿದರು. ರಾಜಕಾರಣಿಗಳು ಎನ್‌ಆರ್‌ಎಗೆ ಹೆದರಿ ಜನರ ಜೀವದ ಜೊತೆ ಆಡ್ತಿದ್ದಾರೆ, ಬಂದೂಕು ಆರೋಗ್ಯದ ವಿಷಯ ಅನ್ನೋ ಅರ್ಥದ ಮಾತು. ಆ ವೈದ್ಯರ ಹೆಸರು ವಿವೇಕ್ ಮೂರ್ತಿ. ಅವರ ತಂದೆಯ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಮರುವರ್ಷ ನವೆಂಬರಿನಲ್ಲಿ ಒಬಾಮ ಅವರನ್ನು ಸರ್ಜನ್ ಜನರಲ್ ಹುದ್ದೆಗೆ ಸೂಚಿಸಿದರು. ಈ ಹುದ್ದೆಗೆ ಅಧಿಕಾರ ಅಂತ ದೊಡ್ಡದಾಗಿ ಏನಿಲ್ಲ, ಮಾತಿಗೆ ತೂಕ ಇದೆ. 1964ರಲ್ಲಿ ಸಿಗರೇಟಿನಿಂದ ಕ್ಯಾನ್ಸರ್ ಬರುತ್ತೆ ಅಂತ ವರದಿ ಕೊಟ್ಟಿದ್ದು ಇದೇ ಹುದ್ದೆಯಲ್ಲಿದ್ದವರು. ಆಗ ಅಮೆರಿಕದ ವಯಸ್ಕರಲ್ಲಿ 40 ಶೇಕಡಾಕ್ಕಿಂತ ಹೆಚ್ಚು ಜನ ಸೇದುತ್ತಿದ್ದರು, 2022ರ ಹೊತ್ತಿಗೆ ಅದು ಸುಮಾರು 12ಕ್ಕೆ ಇಳಿದಿತ್ತು.

ಆ ಒಂದು ಟ್ವೀಟ್ ಮೂರ್ತಿಯವರಿಗೆ ಮುಳುವಾಯ್ತು. ಎನ್‌ಆರ್‌ಎ ವಿರೋಧಕ್ಕೆ ನಿಂತಿತು. ಬಂದೂಕು ಹೆಚ್ಚಿರುವ ರಾಜ್ಯಗಳ ಡೆಮಾಕ್ರಟ್ ಸೆನೆಟರುಗಳೇ ಹಿಂಜರಿದರು. ಈ ಹುದ್ದೆಯನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಲ್ಲ ಅಂತ ಮೂರ್ತಿ ವಿಚಾರಣೆಯಲ್ಲಿ ಹೇಳಬೇಕಾಗಿ ಬಂತು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಡತ ಕೂತಲ್ಲೇ ಕೂತಿತ್ತು. ಎಬೋಲಾ ಭೀತಿ ಅಮೆರಿಕ ತಲುಪಿದಾಗಲೂ ಆ ಹುದ್ದೆಯಲ್ಲಿದ್ದದ್ದು ಹಂಗಾಮಿ ಅಧಿಕಾರಿ. ಕೊನೆಗೆ 2014ರ ಡಿಸೆಂಬರ್ 15ರಂದು 51-43 ಮತಗಳಿಂದ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಆಗ ಮಂಡ್ಯ ಮೂಲದವರಿಗೆ ದೊಡ್ಡ ಹುದ್ದೆ ಅಂತ ಸುದ್ದಿ ಮಾಡಿ ಖುಷಿಪಟ್ಟೆವು. ಅಷ್ಟು ತಡ ಯಾಕಾಯ್ತು ಅನ್ನೋದರ ಬಗ್ಗೆ ಅಷ್ಟಾಗಿ ಚರ್ಚೆ ನಡೆದ ನೆನಪು ನನಗಿಲ್ಲ.

ಇದರ ನಡುವೆ 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ದೊಡ್ಡವರು ಸತ್ತಿದ್ದರು. ಸಂಶೋಧನೆ ಮತ್ತೆ ಶುರು ಮಾಡಿ ಅಂತ ಒಬಾಮ ಸಿಡಿಸಿಗೆ ಆದೇಶ ಕೊಟ್ಟರು, ಒಂದು ಕೋಟಿ ಡಾಲರ್ ಕೇಳಿದರು. ಸಂಸತ್ತು ಕೊಡಲಿಲ್ಲ. ಆದೇಶ ಇದೆ, ದುಡ್ಡಿಲ್ಲ. ನಮ್ಮ ಕಡೆ ಇಂಥ ಆದೇಶಗಳ ಅನುಭವ ಎಲ್ಲರಿಗೂ ಇದೆ, ವಿವರಿಸಲ್ಲ.

2018ರ ನವೆಂಬರಿನಲ್ಲಿ ವೈದ್ಯರ ಸಂಘವೊಂದು ಬಂದೂಕಿನ ಗಾಯ ತಡೆಯಲು ಶಿಫಾರಸು ಪ್ರಕಟಿಸಿದಾಗ ಎನ್‌ಆರ್‌ಎ ಟ್ವಿಟರಿನಲ್ಲಿ ವೈದ್ಯರಿಗೆ ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಅನ್ನೋ ಧಾಟಿಯಲ್ಲಿ ಬರೆಯಿತು. ಅದಕ್ಕೆ ಬಂದ ಉತ್ತರ ಭಾಷಣವಾಗಿರಲಿಲ್ಲ. ಸಾವಿರಾರು ವೈದ್ಯರು, ನರ್ಸುಗಳು ರಕ್ತ ಮೆತ್ತಿದ ಬಟ್ಟೆ, ಶಸ್ತ್ರಚಿಕಿತ್ಸೆ ಕೋಣೆಯ ನೆಲದ ಫೋಟೋ ಹಾಕಿದರು. ಇದೇ ನಮ್ಮ ಕೆಲಸ ಅಂದರು. ಅವರಲ್ಲಿ ಮುಂದೆ ನಿಂತ ಜೋಸೆಫ್ ಸಕ್ರನ್ ಗಾಯಗಳ ಶಸ್ತ್ರಚಿಕಿತ್ಸಕ. 1994ರಲ್ಲಿ, 17 ವರ್ಷದವರಿದ್ದಾಗ, ಫುಟ್‌ಬಾಲ್ ಪಂದ್ಯದ ನಂತರ ಯಾರಿಗೋ ಹಾರಿಸಿದ ಗುಂಡು ಇವರ ಗಂಟಲಿಗೆ ಹೊಕ್ಕಿತ್ತು. ಬದುಕಿಸಿದ ವೈದ್ಯರನ್ನು ನೋಡಿ ವೈದ್ಯರಾದವರು.

ಸಕ್ರನ್ ಥರ ಬದುಕುಳಿದವರ ಲೆಕ್ಕವೂ ಹೇಳಿಬಿಡ್ತೀನಿ. ಗುಂಡಿಗೆ ಒಬ್ಬರು ಸತ್ತರೆ ಇಬ್ಬರಿಗಿಂತ ಹೆಚ್ಚು ಜನ ಗಾಯಗೊಂಡು ಉಳಿಯುತ್ತಾರೆ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ, ನಮ್ಮ ಸಿಎಜಿ ಥರದ್ದು, 2021ರಲ್ಲಿ ವರದಿ ಕೊಟ್ಟಿತು. ಗುಂಡೇಟಿನವರ ಮೊದಲ ಆಸ್ಪತ್ರೆ ವೆಚ್ಚವೇ ವರ್ಷಕ್ಕೆ 100 ಕೋಟಿ ಡಾಲರಿಗಿಂತ ಹೆಚ್ಚು. ಅದರಲ್ಲಿ 60 ಶೇಕಡಾಕ್ಕಿಂತ ಹೆಚ್ಚು ಬಡವರ ವಿಮೆಯಾದ ಮೆಡಿಕೇಡ್ ಮತ್ತಿತರ ಸರ್ಕಾರಿ ವಿಮೆಯಿಂದ ಹೋಗುತ್ತೆ. ಮೊದಲ ವೆಚ್ಚ ಅಂದರೆ ಆಮೇಲಿನ ಗಾಲಿಕುರ್ಚಿ, ಚೀಲ, ಮರುಶಸ್ತ್ರಚಿಕಿತ್ಸೆ, ಕಳೆದುಹೋದ ಕೆಲಸ ಯಾವುದೂ ಇದರಲ್ಲಿ ಇಲ್ಲ. ಕಾರಣ ಹುಡುಕೋಕೆ 26 ಲಕ್ಷ ಜಾಸ್ತಿ ಆಯ್ತು ಅಂದ ದೇಶ, ಹೊಲಿಗೆ ಹಾಕೋಕೆ ಇಷ್ಟು ಕೊಡ್ತಿದೆ.

2018ರ ಮಾರ್ಚಿನಲ್ಲಿ, ಡಿಕಿ ವಾಕ್ಯ ಸಂಶೋಧನೆಯನ್ನು ತಡೆಯಲ್ಲ ಅಂತ ಸಂಸತ್ತು ಸ್ಪಷ್ಟಪಡಿಸಿತು. 22 ವರ್ಷ ಬೇಕಾಯ್ತು. 2019ರ ಡಿಸೆಂಬರಿನಲ್ಲಿ ಮೊದಲ ಸಲ ಹಣವೂ ಬಂತು, ಎರಡೂವರೆ ಕೋಟಿ ಡಾಲರ್, ಸಿಡಿಸಿಗೆ ಅರ್ಧ, ಎನ್‌ಐಎಚ್‌ಗೆ ಅರ್ಧ. ಆದರೆ ಒಂದು ತಲೆಮಾರಿನ ಸಂಶೋಧಕರು ಆ ಹೊತ್ತಿಗೆ ಇರಲೇ ಇಲ್ಲ. ಮರುವರ್ಷವೇ, 2020ರಲ್ಲಿ, 1ರಿಂದ 19 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ಬಂದೂಕಾಯ್ತು. ಅಲ್ಲಿಯವರೆಗೆ ಆ ಜಾಗದಲ್ಲಿದ್ದದ್ದು ರಸ್ತೆ ಅಪಘಾತ. ಹ್ಯಾಡನ್ ದಾರಿಯಲ್ಲಿ ಒಂದು ಗೆರೆ ಕೆಳಗಿಳಿದಿತ್ತು, ಇನ್ನೊಂದನ್ನು ಯಾರೂ ನೋಡುತ್ತಿರಲಿಲ್ಲ.

ವಿವೇಕ್ ಮೂರ್ತಿ 2021ರಲ್ಲಿ ಎರಡನೇ ಸಲ ಅದೇ ಹುದ್ದೆಗೆ ಬಂದರು. 2024ರ ಜೂನ್ 25ರಂದು ಬಂದೂಕು ಹಿಂಸೆ ಒಂದು ಸಾರ್ವಜನಿಕ ಆರೋಗ್ಯ ಬಿಕ್ಕಟ್ಟು ಅಂತ ಅಧಿಕೃತ ಸಲಹಾಪತ್ರ ಹೊರಡಿಸಿದರು. ಬಂದೂಕಿನ ಬಗ್ಗೆ ಸರ್ಜನ್ ಜನರಲ್ ಒಬ್ಬರು ಅಂಥದ್ದನ್ನು ಹೊರಡಿಸಿದ್ದು ಅದೇ ಮೊದಲು. ಅಮೆರಿಕದ ವಯಸ್ಕರಲ್ಲಿ ಐವರಲ್ಲಿ ಸುಮಾರು ಒಬ್ಬರ ಕುಟುಂಬದಲ್ಲಿ ಯಾರಾದರೂ ಗುಂಡಿನಿಂದ, ಆತ್ಮಹತ್ಯೆಯೂ ಸೇರಿ, ಸತ್ತಿದ್ದಾರೆ ಅನ್ನೋ ಸಮೀಕ್ಷೆಯ ಅಂಕಿ ಅದರಲ್ಲಿತ್ತು. ಹನ್ನೆರಡು ವರ್ಷದ ಹಿಂದೆ ಟ್ವೀಟಿನಲ್ಲಿ ಹೇಳಿದ್ದನ್ನೇ ಈ ಸಲ ಸರ್ಕಾರಿ ಮುದ್ರೆಯ ಜೊತೆ ಹೇಳಿದರು. 2025ರ ಮಾರ್ಚಿನಲ್ಲಿ, ಹೊಸ ಸರ್ಕಾರ ಬಂದ ಮೇಲೆ, ಆ ಪುಟವನ್ನು ಆರೋಗ್ಯ ಇಲಾಖೆಯ ವೆಬ್‌ಸೈಟಿನಿಂದ ತೆಗೆದುಹಾಕಿದರು. ಬಂದೂಕು ಹಕ್ಕು ರಕ್ಷಿಸುವ ಅಧ್ಯಕ್ಷರ ಆದೇಶಕ್ಕೆ ಅನುಗುಣವಾಗಿ ಅಂತ ಕಾರಣ ಕೊಟ್ಟರು. ಏಪ್ರಿಲ್‌ನಲ್ಲಿ ಗಾಯ ತಡೆ ಕೇಂದ್ರದ ಬಹಳಷ್ಟು ಸಿಬ್ಬಂದಿಗೆ ವಜಾ ಪತ್ರ ಹೋಯಿತು.

ಅದೇ ವರ್ಷ ಆಗಸ್ಟ್ 8ರಂದು ಅಟ್ಲಾಂಟಾದಲ್ಲಿ ಸಿಡಿಸಿಯ ಮುಖ್ಯ ಕಚೇರಿಯ ಮೇಲೇ ಒಬ್ಬ ಗುಂಡು ಹಾರಿಸಿದ. ರಸ್ತೆಯಾಚೆ ನಿಂತು ನೂರಾರು ಗುಂಡು. ಕೋವಿಡ್ ಲಸಿಕೆಯಿಂದ ತನಗೆ ತೊಂದರೆಯಾಗಿದೆ ಅನ್ನೋ ಸಿಟ್ಟು ಅವನದು. ಬಂದೂಕುಗಳು ಅವನ ತಂದೆಯವು, ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದವು, ಪೆಟ್ಟಿಗೆ ಒಡೆದು ತೆಗೆದಿದ್ದ ಅಂತ ತನಿಖೆಯವರು ಹೇಳಿದರು. ಒಬ್ಬ ಪೊಲೀಸ್ ಅಧಿಕಾರಿ ಸತ್ತರು, ಹಾರಿಸಿದವನೂ ತನ್ನದೇ ಗುಂಡಿಗೆ ಸತ್ತ. ಸಿಡಿಸಿಯ ಉದ್ಯೋಗಿಗಳು ಗಂಟೆಗಟ್ಟಲೆ ಕೋಣೆಗಳೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದರು.

ಈ ಕಂತು ಇಷ್ಟೇ. ಮುಂದಿನ ವಾರ ಸಿಗೋಣ.